ಅರಳಿದ ಸುಣ್ಣ

ಬೀಕರಿನ ನೀರು ಇಪ್ಪತ್ತೇಳು ಡಿಗ್ರಿ ಇತ್ತು.
ಶಿರಹಟ್ಟಿಯ ಹೈಸ್ಕೂಲು, ಊಟದ ನಂತರದ ಪಿರಿಯಡ್ಡು,
ಸ್ಪಿರಿಟ್ ದೀಪದ ಬತ್ತಿಯನ್ನು ಇಲಿ ತಿಂದಿತ್ತು.
ಬೆಂಕಿಯೇ ಬೇಡದ ಪ್ರಯೋಗವೆಂದು
ಸುಟ್ಟ ಸುಣ್ಣದ ಹಳ್ಳು ನಾಲ್ಕು
ಪೇಪರಿನಲ್ಲಿ ಸುತ್ತಿ ತಂದಿದ್ದೆ.

ಹಾಕಿದೆ. ಮೊದಲು ಏನೂ ಆಗಲಿಲ್ಲ.
ಹಿಂದಿನ ಬೆಂಚಿನವನು ಆಕಳಿಸಿದ.
ಆಮೇಲೆ ಸುಸ್ಸೆಂದಿತು ಕಲ್ಲು,
ಬಿರಿಯಿತು, ಹಿಗ್ಗಿತು, ಹಿಟ್ಟಾಯಿತು,
ನೀರು ತನ್ನಷ್ಟಕ್ಕೆ ತಾನೇ ಕೊತಕೊತ.
ಅರವತ್ತು, ಎಂಬತ್ತು, ತೊಂಬತ್ತಾರು...
ಥರ್ಮಾಮೀಟರು ಹೊರಗೆಳೆದೆ;
ಶಾಲೆಗೆ ಅದೊಂದೇ ಇತ್ತು.

'ಬಹಿರುಷ್ಣಕ' ಎಂದು ಬೋರ್ಡಿಗೆ ಬರೆದೆ.
ಷಕ್ಕೆ ಣ ಒತ್ತು ಕೊಡುವಾಗ ಚಾಕ್‌ಪೀಸು ಮುರಿಯಿತು.

ನೀಲವ್ವ ಸುಣಗಾರ ಎದ್ದು ನಿಂತಳು:
"ಅದು ನಮ್ಮ ಆಯಿ ಹಾಕಿದ ಉರಿರೀ ಸರ.
ಹ್ವಾದ ಅಮಾಸಿಗೆ ಮೂರು ರಾತ್ರಿ ಭಟ್ಟಿಗೆ ಉಣಿಸ್ಯಾಳ.
ಕಲ್ಲು ಮರತಿಲ್ಲ, ಅಷ್ಟ."

ಎಲ್ಲರೂ ನಕ್ಕರು. ನಾನೂ.
ನಕ್ಕು ಮುಗಿದ ಮೇಲೆ,
ಹದಿನೆಂಟು ವರ್ಷ ಹೇಳಿದ ಪಾಠ
ಅಂದೇ ಮೊದಲು ಕೈಗೆ ಬಿಸಿ ತಾಗಿತು.

ಐತವಾರ ಹೋದೆ. ಹಳ್ಳದ ದಂಡೆಗೆ ಆಳೆತ್ತರದ ಭಟ್ಟಿ:
ಎರೆಹೊಲದಲ್ಲಿ ಆಯ್ದ ಹಳ್ಳು ಒಂದು ಥರ, ಇದ್ದಿಲು ಒಂದು ಥರ,
ಮತ್ತೆ ಹಳ್ಳು, ಮತ್ತೆ ಇದ್ದಿಲು.
ಹುಬ್ಬು ಸುಟ್ಟುಹೋದ ಮುಖದ ಫಕ್ಕೀರವ್ವ
ನನ್ನ ಬೂಟು ನೋಡಿ, "ದೂರ ನಿಲ್ರೀ" ಅಂದಳು.

"ಮೊದಲ ತಿದಿ ಊದತಿದ್ವಿ. ಈಗ ಕರೆಂಟಿನ ಫ್ಯಾನು.
ಕರೆಂಟು ಅಲ್ಲಿಂದ." ಕಪ್ಪತಗುಡ್ಡದ ಕಡೆಗೆ ಗದ್ದ ಎತ್ತಿದಳು;
ಅಲ್ಲಿ ಉದ್ದ ರೆಕ್ಕೆಗಳು ಸಾವಕಾಶ ತಿರುಗುತ್ತಿದ್ದವು.
"ಗಾಳಿ ಕರೆಂಟಾಗಿ ಬಂದು ಮತ್ತ ಗಾಳಿನ ಆಗತೈತಿ.
ಅಷ್ಟಕ್ಕ, ಸೀದಾ ಬರಬಾರದಾಗಿತ್ತೇನದು?"
ನನ್ನಲ್ಲಿ ಎರಡು ಅಂಕದ ಉತ್ತರವಿತ್ತು. ಕೊಡಲಿಲ್ಲ.

ಬೆಂದದ್ದು ಹೇಗೆ ತಿಳಿಯುತ್ತದೆ?
ಒಂದು ಅಂಗೈಗೆ ಹಸಿ ಕಲ್ಲಿಟ್ಟಳು, ಇನ್ನೊಂದಕ್ಕೆ ಸುಟ್ಟದ್ದು.
ಗಾತ್ರ ಅದೇ, ಸುಟ್ಟದ್ದು ಹಗುರ.
"ಉಸಿರು ಬಿಟ್ಟಿರತೈತಿ."
ನೂರಕ್ಕೆ ನಲವತ್ತನಾಲ್ಕು,
ನನ್ನೊಳಗಿನ ಮಾಸ್ತರ ಲೆಕ್ಕ ಹಾಕಿದ, ಸುಮ್ಮನಾದ.
ಅಷ್ಟರಲ್ಲಿ ಅಂಗೈ ಚುರುಗುಟ್ಟಿತು.
"ಒಗೀರಿ, ಒಗೀರಿ! ಬೆವರೂ ನೀರಲ್ಲೇನ?"
ಒಣ ಸೆರಗಿನಿಂದ ಒರೆಸಿದಳು, ತೊಳೆಯಲು ಬಿಡದೆ.
ಅವಳ ಮೊಣಕೈತನಕ ಅಂಥವೇ ಬಿಳಿ ಕಲೆ,
ಒಂದೊಂದು ಕಲೆಗೆ ಒಂದೊಂದು ಮಧ್ಯಾಹ್ನ.

ಸಣ್ಣವಳಿದ್ದಾಗ ಸುಣ್ಣ ಅರಳುವ ಕುಣಿಯಲ್ಲಿ
ತಗಡಿನ ಡಬ್ಬಿ ಇಳಿಬಿಟ್ಟು ತತ್ತಿ ಬೇಯಿಸಿದ್ದಳಂತೆ.
ಒಲೆಯಿಲ್ಲ, ಹೊಗೆಯಿಲ್ಲ, ಅವ್ವನಿಗೆ ಸುಳಿವಿಲ್ಲ.
ಹೇಳುವಾಗ ಅರವತ್ತೆಂಟರ ಬಾಯಿ ಎಂಟರದಾಯಿತು.

ಒಳಗೆ ಚಹಾ. ಗೋಡೆಗೆ ಒರಗಿ ಕೂತೆ.
ಅಂಗಿಗೆ ಬಿಳಿ ಹತ್ತಲಿಲ್ಲ, ಅಷ್ಟು ಹಳೆಯ ಸುಣ್ಣ.
ಇಲ್ಲಿ ಮಲಗಿದವರ ಉಸಿರು ಕುಡಿಕುಡಿದು
ತಾನು ಬಿಟ್ಟದ್ದನ್ನೆಲ್ಲ ಮರಳಿ ತುಂಬಿಕೊಂಡು
ಮತ್ತೆ ಕಲ್ಲಾಗಿತ್ತು.
ಅದರಲ್ಲಿ ಗೊರಕೆ ಎಷ್ಟು, ಜಗಳ ಎಷ್ಟು,
ನೀಲವ್ವ ಕೆಮ್ಮಿದ ರಾತ್ರಿ ಎಷ್ಟು,
ಯಾವ ತಕ್ಕಡಿ ಹೇಳೀತು?

ಸೋಮವಾರ ತಿಳಿಸುಣ್ಣದ ನೀರು ತುಂಬಿಸಿ
ನೀಲವ್ವನ ಕೈಗೆ ಪೆನ್ನಿನ ಖಾಲಿ ನಳಿಗೆ ಕೊಟ್ಟೆ.
ಊದಿದಳು. ಬುಳುಬುಳು.
ತಿಳಿಯಾಗಿದ್ದದ್ದು ಮಜ್ಜಿಗೆಯಾಯಿತು.
ಬಹಳ ಹೊತ್ತು ನೋಡಿದಳು,
ತನ್ನೊಳಗಿಂದ ಬಂದ ಕಲ್ಲು ತಳಕ್ಕಿಳಿಯುವುದನ್ನು.

"ಆಯಿಗೆ ತೋರಸ್ತೀನಿ, ಒಯ್ಯಲೇನ್ರೀ ಸರ?"
ಬೀಕರು ಶಾಲೆಯದು, ಅಂದೆ.
ಆಮೇಲೆ, ಒಯ್ಯಿ, ನಾಳೆ ತಾ, ಅಂದೆ.

ಇನ್ನೂ ತಂದಿಲ್ಲ.
ಸ್ಟಾಕ್ ರಜಿಸ್ಟರಿನಲ್ಲಿ ಬೀಕರು, ಇನ್ನೂರೈವತ್ತು ಮಿಲಿ, ಒಂದು.
ಎದುರಿನ ಷರಾ ಖಾನೆ
ಖಾಲಿ ಬಿಟ್ಟಿದ್ದೇನೆ.